ಕಕ್ಕೆಯೋ ಮುತ್ತಲವೋ: ಕೊಳಕೂರಿನ ಒಂದು ಅಂಗಳ

ಸಂಕ್ರಮಣ ಕಳೆದ ವಾರ. ಆಳಂದದ ನನ್ನ ನರ್ಸರಿಯಲ್ಲಿ ನೆರಳುಬಲೆಯ ಕೆಳಗೆ ಕುಳಿತು ಕರಿಬೇವಿನ ಸಸಿಗಳನ್ನು ಸಣ್ಣ ಚೀಲದಿಂದ ದೊಡ್ಡ ಚೀಲಕ್ಕೆ ಬದಲಿಸುತ್ತಿದ್ದೆ. ಗೇಟಿನ ಬಳಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ನಿಂತವಳು ನಿಂತೇ ಇದ್ದಳು. ಅವಳ ಚಪ್ಪಲಿ ನೆರಳು ಶುರುವಾಗುವ ಗೆರೆಯ ಆಚೆಯೇ ಉಳಿದಿತ್ತು.

"ಒಳಗ ಬರ್ರಿ," ಅಂದೆ.

"ಬರ್ತೇನ್ರಿ ಅಕ್ಕಾರ. ಜರಾ ನಿಲ್ತೇನಿ. ಬಿಸಲಾಗಿಂದ ನೆರಳಿಗಿ ಬಂದ್ರ ಕಣ್ಣು ಹೊಂದಾಕ ಹೊತ್ತು ಹಿಡೀತೈತಿ."

ಸುಮಾರು ನಲವತ್ತರ ಹೆಂಗಸು. ಜೇವರ್ಗಿ ತಾಲ್ಲೂಕಿನ ಕೊಳಕೂರಿನಿಂದ ಮೂರು ಬಸ್ಸು ಬದಲಿಸಿ ಬಂದಿದ್ದಳು. ಕೌದಿ ಹೊಲಿಯುವುದು ಅವಳ ಕೆಲಸ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊದಿಕೆ ಮಾಡುವವಳು. ಹೆಗಲ ಚೀಲದ ತುಂಬ ಬಣ್ಣಬಣ್ಣದ ಬಟ್ಟೆ ಇತ್ತು. ನೆರಳಿಗೆ ಬಂದು ಕುಳಿತು, ನೀರು ಕುಡಿದು, ಕೇಳಿದಳು.

"ಅಂಗಳದಾಗ ಒಂದ ಗಿಡ ಹಚ್ಚಬೇಕಂತ ಮಾಡೇನಿ. ಕಕ್ಕಿ ಹಚ್ಚಲೋ, ಮುತ್ತಲ ಹಚ್ಚಲೋ? ನೀವ ಹೇಳ್ರಿ."

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಹಳದಿ ಗೊಂಚಲಿನ ಕಕ್ಕೆ, ಕೆಂಪು ಹೂವಿನ ಮುತ್ತಲ ಅಂದರೆ ಮುತ್ತುಗ, ಎರಡೂ ಎಲೆ ಉದುರಿಸುವ ಮರಗಳು. ದಿನಾ ಕಸ ಗುಡಿಸಬೇಕು. ನೆರಳು ಬೇಕಾದ ಬೇಸಿಗೆಯಲ್ಲೇ ಬೋಳಾಗಿ ನಿಲ್ಲುತ್ತವೆ. ಅದರ ಬದಲು ವರ್ಷವಿಡೀ ಹಸಿರಾಗಿರುವ ಯಾವುದಾದರೂ ಗಿಡ ಒಯ್ಯಬಾರದೇಕೆ?

"ಎಲಿ ಉದರೂದ ಬೇಕ್ರಿ ನನಗ," ಅಂದಳು. "ಎಲಿ ಇದ್ರ ಹೂ ಅದರಾಗ ಹೊಕ್ಕೊಂಡು ಕುಂತ್ಬಿಡ್ತಾವ. ಎಲಿ ಇಲ್ದ ಬರೇ ಹೂ ಇದ್ರ ನನಗ ಕಾಣ್ತೈತಿ."

ಆಮೇಲೆ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಸುತ್ತು ಮಾಡಿ ಕಣ್ಣ ಮುಂದೆ ಹಿಡಿದಳು. "ಸೊಲ್ಲಾಪುರದಾಗ ಡಾಕ್ಟರ್‍ಗಿ ತೋರಿಸೇನ್ರಿ. ಅಂಚಿನಿಂದ ಮಸಕಾಕ್ಕೋತ ಬರೂ ಬ್ಯಾನಿ ಅಂತ. ಈಗ ನಡುವ ಒಂದು ಬಳಿಯಷ್ಟು ಕಾಣ್ತೈತಿ. ಬಳಿ ಸಣ್ಣದಾಕ್ಕೋತ ಹೊಂಟೈತಿ. ಎಷ್ಟು ವರ್ಷಕ್ಕ ಮುಚ್ಚತೈತಿ ಅಂತ ಅವರೂ ಹೇಳಂಗಿಲ್ಲ. ಅದು ಮುಚ್ಚೂದ್ರಾಗ ನಮ್ಮ ಅಂಗಳದಾಗ ಹೂ ಬಿಟ್ಟ ಗಿಡ ನೋಡಬೇಕು. ಇಷ್ಟ ನೋಡ್ರಿ ನನ್ನ ಕೆಲಸ."

ಅಳುವ ದನಿ ಅಲ್ಲ ಅದು. ಕೌದಿಗೆ ಎಷ್ಟು ಗಜ ಬಟ್ಟೆ ಬೇಕು ಎಂದು ಹೇಳುವ ದನಿ. ನನ್ನ ಕೈಯಲ್ಲಿದ್ದ ಸಸಿಯ ಬುಡದ ಮಣ್ಣು ಪುಡಿಯಾಗಿ ಮಡಿಲಿಗೆ ಬಿದ್ದದ್ದು ನನಗೆ ಆಮೇಲೆ ಗೊತ್ತಾಯಿತು.

ನೆಲ ನೋಡದೆ ಏನೂ ಹೇಳಲಾರೆ ಅಂದೆ. ನಾಲ್ಕು ದಿನ ಬಿಟ್ಟು ಹಾರೆ, ಅಳತೆ ಟೇಪು ಹಿಡಿದು ಕೊಳಕೂರಿಗೆ ಹೋದೆ. ನನ್ನ ಜೊತೆ ಗುಂಡಿ ತೋಡುವ ಕೆಲಸಕ್ಕೆ ಬರುವ ಖಜೂರಿಯ ಅಜ್ಜ ಇದ್ದರು. ಅವರು ಹೆಚ್ಚು ಮಾತಾಡುವವರಲ್ಲ. ಅವರ ಹಾರೆ ನೆಲಕ್ಕೆ ಬಿದ್ದ ಸದ್ದಿನಿಂದಲೇ ಒಳಗೆ ಕಲ್ಲಿದೆಯೋ ಮಣ್ಣಿದೆಯೋ ಎಂದು ಹೇಳಬಲ್ಲವರು.

ಪರ್ಸಿಕಲ್ಲಿನ ಚಪ್ಪಡಿ ಹಾಸಿದ ಕಟ್ಟೆ, ಅದರ ಮುಂದೆ ಇಪ್ಪತ್ತೈದು ಹೆಜ್ಜೆ ಉದ್ದದ ಅಂಗಳ, ಪಕ್ಕದಲ್ಲಿ ಸುಣ್ಣ ಬಳಿದ ಗೋಡೆ. ನೆಲವೆಲ್ಲ ಎರೆಮಣ್ಣು, ಕಪ್ಪಗೆ, ಚಳಿಗಾಲದ ಕೊನೆಗೇ ಬೆರಳು ಹೋಗುವಷ್ಟು ಬಿರುಕು. ಗೋಡೆಯಿಂದ ಹದಿನೈದು ಅಡಿ ಬಿಟ್ಟು ಎರಡಡಿ ಆಳದ ಗುಂಡಿ ತೋಡಿಸಿ ಎರಡು ಕೊಡ ನೀರು ಸುರಿದೆ. ನೀರು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡುವುದು ಹೊಸ ಜಾಗದಲ್ಲಿ ನಾನು ಮಾಡುವ ಮೊದಲ ಕೆಲಸ. ಬೆಳಿಗ್ಗೆ ಹತ್ತಕ್ಕೆ ಸುರಿದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಇಳಿದಿತ್ತು. ಸಂಜೆಗೂ ನಾಲ್ಕು ಬೆರಳು ನೀರು ಹಾಗೇ ನಿಂತು ಆಕಾಶವನ್ನು ತೋರಿಸುತ್ತಿತ್ತು.

ಇದು ಕಕ್ಕೆಗೆ ಆಗದ ನೆಲ. ಕಕ್ಕೆಯ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಮುತ್ತಲಕ್ಕೆ ಅದರ ಚಿಂತೆಯಿಲ್ಲ. ಮಳೆಗಾಲದ ಕೆಸರಿನಲ್ಲೂ ಬೇಸಿಗೆಯ ಬಿರುಕಿನಲ್ಲೂ ಅದು ಒಂದೇ ಸಮನೆ ನಿಲ್ಲುತ್ತದೆ. ನನ್ನ ಪುಸ್ತಕದಲ್ಲಿ ಮುತ್ತಲದ ಕೆಳಗೆ ಒಂದು ಗೆರೆ ಎಳೆದೆ.

ಅವಳ ಅತ್ತೆ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಎಲ್ಲವನ್ನೂ ನೋಡುತ್ತಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಮೊರದ ಮೇಲೆ ಕಣ್ಣು, ಕಿವಿ ಮಾತ್ರ ನಮ್ಮ ಕಡೆ.

"ಮುತ್ತಲ ಹೊಲದ ಬದುವಿನ ಗಿಡ ಐತಿ ಬೇ. ಮನಿ ಮುಂದ ಯಾರರ ಹಚ್ತಾರೇನು?" ಅಂದರು ಸೊಸೆಗೆ. "ಅಷ್ಟು ಹಚ್ಚೂದಿದ್ರ ಬಿಲ್ಪತ್ರಿ ಹಚ್ಚು. ದಿನಾ ಪೂಜಿಗಿ ಆಕ್ಕೈತಿ."

"ಅತ್ತೀ, ಬಿಲ್ಪತ್ರಿ ಹೂ ಹಸರ ಇರ್ತೈತಿ. ಎಲಿಯಾಗ ನನಗ ಕಾಣಂಗಿಲ್ಲ."

ಮೊರ ಒಂದು ಕ್ಷಣ ನಿಂತಿತು. ಮತ್ತೆ ಅತ್ತೆ ಆ ಮಾತು ತೆಗೆಯಲಿಲ್ಲ.

ಅದೇ ಮಧ್ಯಾಹ್ನ, ನೀರು ಇಂಗುವುದನ್ನು ಕಾಯುವಾಗ, ನನಗೊಂದು ಯೋಚನೆ ಬಂದಿತ್ತು. ಅವಳ ಚೀಲದಿಂದ ಕೇಸರಿಗೆಂಪಿನ ಒಂದು ತುಂಡು, ಹಳದಿಯ ಒಂದು ತುಂಡು ತೆಗೆದು ಉದ್ದನೆಯ ಬಿದಿರಿಗೆ ಕಟ್ಟಿದೆ. ಅಜ್ಜ ಬಿದಿರು ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಆಕೆ ಕಟ್ಟೆಯ ಮೇಲೆ ಕುಳಿತು ಎಲ್ಲಿಯವರೆಗೆ ಕಾಣುತ್ತದೆ ಎಂದು ಹೇಳಬೇಕು. ಹನ್ನೆರಡರ ಬಿಸಿಲಿನಲ್ಲಿ ಹಳದಿ ಹದಿನೆಂಟು ಹೆಜ್ಜೆಗೇ ಬಿಳಿಯ ಆಕಾಶದಲ್ಲಿ ಕರಗಿಹೋಯಿತು. ಕೆಂಪು, ಅಂಗಳ ಮುಗಿದು, ಓಣಿ ದಾಟಿ, ಎದುರಿನ ಮನೆಯ ಗೋಡೆಗೆ ಅಜ್ಜನ ಬೆನ್ನು ತಾಗಿದರೂ ಕಾಣುತ್ತಿತ್ತು.

"ಅಲ್ಲೇ ಐತ್ರಿ. ಕೆಂಡದಂಗ ಐತಿ," ಅಂದಳು, ನಗುತ್ತ.

ಮುತ್ತಲದ ಕೆಳಗೆ ಇದಕ್ಕೂ ಒಂದು ಗೆರೆ. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿದಾಗ ಲೆಕ್ಕ ಉಲ್ಟಾ ಆಯಿತು. ಕೆಂಪು ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು. ಹಳದಿ ಮಾತ್ರ ಉಳಿಯಿತು. ಗೋಡೆಯ ಸುಣ್ಣವೂ ಬೂದಿಯಾದ ಮೇಲೆ ಅವಳ ಪಾಲಿಗೆ ಅಂಗಳದಲ್ಲಿ ಉಳಿದದ್ದು ಆ ಗೇಣುದ್ದದ ಹಳದಿಯೊಂದೇ. ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಅಜ್ಜನ ಕೈ ಸೋತಿದ್ದರೂ ಬಿದಿರು ಇಳಿಸಲಿಲ್ಲ.

ಬಟ್ಟೆ ಬಟ್ಟೆಯೇ, ಹೂವು ಹೂವೇ. ಮರಗಳನ್ನೇ ತೋರಿಸಬೇಕೆಂದು ನಿಶ್ಚಯಿಸಿದೆ. ಶಿವರಾತ್ರಿ ಕಳೆದ ಮೇಲೆ ಆಕೆಯನ್ನು ಮಾದನಹಿಪ್ಪರಗಾಕ್ಕೆ ಕರೆದುಕೊಂಡು ಹೋದೆ. ಬಸ್ಸಿಳಿದು ಹೊಲದ ದಾರಿಯಲ್ಲಿ ಅರ್ಧ ಗಂಟೆ ನಡೆದೆವು. ಜೋಳ ಕೊಯ್ದಾಗಿತ್ತು. ನೆಲ ಬರಿದಾಗಿ ದಿಗಂತದವರೆಗೆ ಕಪ್ಪಗೆ ಮಲಗಿತ್ತು. ಆ ಕಪ್ಪಿನ ನಡುವೆ ಬದುವಿನುದ್ದಕ್ಕೂ ಮುತ್ತಲದ ಮರಗಳು, ಒಂದೂ ಎಲೆಯಿಲ್ಲದೆ, ಡೊಂಕು ಕೊಂಬೆಗಳ ತುಂಬ ಹೂ ಹೊತ್ತು ನಿಂತಿದ್ದವು. ಮೈನಾಗಳ ಗದ್ದಲ ಎಷ್ಟಿತ್ತೆಂದರೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಕೊಂಬೆ ಅಲುಗಿದಾಗಲೆಲ್ಲ ಒಂದೊಂದು ಹೂ ತಟ್ಟನೆ ನೆಲಕ್ಕೆ ಬೀಳುತ್ತಿತ್ತು.

ಆಕೆ ದೂರದಲ್ಲೇ ನಿಂತುಬಿಟ್ಟಳು. ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತ, ತನ್ನ ಬಳೆಯಷ್ಟು ಕಿಂಡಿಯಲ್ಲಿ ಬದುವನ್ನು ಒಂದೊಂದು ಮರವಾಗಿ ನೋಡಿದಳು. ನಾನು ಒಂದೇ ನೋಟಕ್ಕೆ ನೋಡಿ ಮುಗಿಸಿದ್ದನ್ನು ಅವಳು ಕಾಲು ಗಂಟೆ ನೋಡಿದಳು. ಬಿಸಿಲ ಝಳದಲ್ಲಿ ಮರಗಳು ನೆಲ ಬಿಟ್ಟು ಒಂದು ಮೊಳ ಮೇಲೆ ತೇಲುತ್ತಿವೆಯೇನೋ ಅನ್ನಿಸುತ್ತಿತ್ತು.

"ಇದ ಹಚ್ಚೂಣ್ರಿ ಅಕ್ಕಾರ," ಅಂದಳು. "ಎಷ್ಟು ವರ್ಷಕ್ಕ ಹೂ ಬಿಡ್ತೈತ್ರಿ?"

"ನಾಕೈದು ವರ್ಷ," ಅಂದೆ.

ಅದು ಸುಳ್ಳು. ಬೀಜದಿಂದ ಬೆಳೆದ ಮುತ್ತಲ ಹತ್ತು ವರ್ಷಕ್ಕಾದರೂ ಹೂ ಬಿಟ್ಟರೆ ಪುಣ್ಯ. ಮೊದಲ ಎರಡು ಮೂರು ವರ್ಷ ಮೇಲೆ ಮೊಳದುದ್ದವೂ ಏಳದೆ ಬರೀ ಕೆಳಗೆ ಬೇರು ಇಳಿಸುತ್ತ ಕೂರುವ ಮರ ಅದು. ನನಗೆ ಗೊತ್ತಿತ್ತು. ಆದರೆ ಅವಳ ಮುಖ ನೋಡಿದಾಗ ಬಾಯಿಗೆ ಬಂದದ್ದು ಆ ಮಾತು.

ಮರಳಿ ಬಂದು ನರ್ಸರಿಯ ಮೂಲೆಯಲ್ಲಿದ್ದ ಮುತ್ತಲದ ಐದು ಸಸಿಗಳನ್ನು ನೋಡಿದೆ. ಹಿಂದಿನ ವರ್ಷ ಚೀಲದಲ್ಲಿ ಬೀಜ ಹಾಕಿ ಎಬ್ಬಿಸಿದವು. ಎತ್ತಲು ಹೋದರೆ ಬರುತ್ತಿಲ್ಲ. ತಾಯಿಬೇರು ಚೀಲ ತೂತು ಮಾಡಿ ನೆಲಕ್ಕೆ ಇಳಿದಿತ್ತು. ಹುಷಾರಾಗಿ ಅಗೆದರೂ ಒಂದೊಂದೂ ಟಕ್ಕೆಂದು ಮುರಿಯಿತು. ನೀರಿಟ್ಟೆ, ನೆರಳಿಟ್ಟೆ. ಯುಗಾದಿಯ ಹೊತ್ತಿಗೆ ಐದೂ ಒಣಗಿದವು. ಸುಳ್ಳಿನ ಮೇಲೆ ಇದೊಂದು ಸೇರಿತು.

ಮೇ ತಿಂಗಳಲ್ಲಿ ಅಫಜಲಪುರಕ್ಕೆ ಹೋದೆವು. ಊರ ಹೊರಗೆ, ಭೀಮಾ ನದಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಕಾಂಪೌಂಡಿನೊಳಗೆ ನಾನು ಬಲ್ಲ ಕಕ್ಕೆ ಮರವಿದೆ. ಎಲೆ ಪೂರ್ತಿ ಉದುರಿ, ಹೊಸ ಚಿಗುರು ಇನ್ನೂ ಬರುವ ಮೊದಲು, ಕೊಂಬೆಕೊಂಬೆಯಿಂದ ಮೊಳದುದ್ದದ ಹಳದಿ ಗೊಂಚಲುಗಳು ಜೋಲುತ್ತಿದ್ದವು. ರಸ್ತೆಯಿಂದ ಕೈ ತೋರಿಸಿದೆ.

"ಎಲ್ಲೈತ್ರಿ?" ಅಂದಳು.

ಬಿಳಿಚಿಕೊಂಡ ಆಕಾಶದಲ್ಲಿ ಅವಳಿಗೆ ಅದು ಕಾಣಲೇ ಇಲ್ಲ. ಬಟ್ಟೆಯ ಪರೀಕ್ಷೆ ಹೇಳಿದ್ದು ನಿಜವಾಯಿತು. ನಾನು ಅವಳ ಕೈ ಹಿಡಿದು ಮರದ ಬುಡಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದೆ.

ಅಲ್ಲಿ ನಿಂತು ಅವಳು ಮೇಲೆ ನೋಡಿದಳು. ಬಿಸಿಲು ಎಸಳುಗಳ ಮೂಲಕ ಸೋಸಿ ಇಳಿಯುತ್ತಿತ್ತು. ಅವಳ ಬಿಳಿ ಸೆರಗು, ನನ್ನ ಅಂಗೈ, ನೆಲದ ಮೇಲಿನ ಒಣಹುಲ್ಲು ಎಲ್ಲಕ್ಕೂ ಅರಿಶಿನ ಬಂದಿತ್ತು. ನದಿಯ ಕಡೆಯಿಂದ ಗಾಳಿ ಬಂದಾಗ ಎಸಳು ಸುರಿದವು, ಸದ್ದಿಲ್ಲದೆ. ಹೋದ ವರ್ಷದ ಒಣಕಾಯಿಗಳು ಒಂದಕ್ಕೊಂದು ತಾಗಿ ಒಳಗಿನ ಬೀಜ ಗಿಲಕಿಯಂತೆ ಸದ್ದು ಮಾಡುತ್ತಿತ್ತು.

"ಇಲ್ಲಿ ಅಂಚ ಇಲ್ರಿ," ಅಂದಳು ಕೊನೆಗೆ, ಬಹಳ ಮೆಲ್ಲಗೆ. "ನನ್ನ ಕಣ್ಣಾಗ ಯಾವಾಗ್ಲೂ ಸುತ್ತ ಒಂದು ಕರಿ ಅಂಚು ಇರ್ತೈತಿ. ಇಲ್ಲಿ ಅದೂ ಹಳದಿ ಆಗೇತಿ."

ನಾವು ಅಲ್ಲೇ ಕುಳಿತು ರೊಟ್ಟಿ ಬಿಚ್ಚಿದೆವು. ತಿನ್ನುತ್ತ ಕೇಳಿದಳು, "ಇದು ಎಷ್ಟು ವರ್ಷಕ್ಕ ಬಿಡ್ತೈತಿ?"

"ಸಸಿ ಹಚ್ಚಿದ್ರ ಐದಾರು ವರ್ಷ."

"ಹಂಗಾರ ಮುತ್ತಲಾನ ಲಗೂ ಬಿಡ್ತೈತಿ."

ಇನ್ನು ತಡೆದುಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ. ಮುತ್ತಲಕ್ಕೆ ಹತ್ತು ವರ್ಷವಾದರೂ ಬೇಕು, ನಾನು ಅಂದು ಸುಳ್ಳು ಹೇಳಿದೆ ಅಂದೆ. ಅವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. ಉಳಿದ ರೊಟ್ಟಿ ಕಟ್ಟಿ ಎದ್ದಳು. ಕಲಬುರಗಿಯವರೆಗೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತರೂ ಅವಳ ಮುಖ ಕಿಟಕಿಯ ಕಡೆಯೇ ಇತ್ತು. ಜೇವರ್ಗಿ ಬಸ್ಸು ಹತ್ತುವ ಮೊದಲು ನನ್ನ ಕಡೆ ತಿರುಗಿದಳು. ನನ್ನ ಮುಖವನ್ನು ಕಿಂಡಿಯೊಳಗೆ ತರಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

"ಕಣ್ಣು ಹೋಗಾಕತ್ತೈತಿ ಅಂತ ಗೊತ್ತಾದಾಗಿಂದ ಎಲ್ಲಾರೂ ನನಗ ಸುಳ್ಳ ಹೇಳ್ತಾರ್ರಿ. ಜೀವ ಮಾಡಿ, ನನಗ ನೋವಾಗಬಾರ್ದಂತ ಹೇಳ್ತಾರ, ಅದೂ ಗೊತ್ತೈತಿ. ನನ್ನ ಗಂಡ ಹೇಳ್ತಾನ, ಅತ್ತಿ ಹೇಳ್ತಾಳ. ನೀವರ ಹೇಳಬ್ಯಾಡ್ರಿ."



ಆ ಜೂನಿನಲ್ಲಿ ಸುದ್ದಿ ತಂದವರು ಅಜ್ಜ. ಖಜೂರಿಯ ಅವರ ಮನೆಯ ಪಕ್ಕದ ಹೊಲದ ಮಾಲಕರು ಲಾರಿ ಒಳಗೆ ಬರಲು ದಾರಿ ಮಾಡಿಸಲಿದ್ದಾರೆ. ಬದುವಿನ ಮೇಲೆ ಒಂದು ಕಕ್ಕೆ, ಒಂದು ಮುತ್ತಲ ಇವೆ. ತೊಗರಿ ರಾಶಿಯಾದ ಮೇಲೆ ಎರಡನ್ನೂ ಕಡಿಯುತ್ತಾರೆ. "ಕಕ್ಕಿ ಈ ಬ್ಯಾಸಗಿಗಿ ಮೊದಲನೇ ಸರ್ತಿ ಹೂ ಬಿಟ್ಟಿತ್ತು. ನನ್ನ ತೋಳಿನಷ್ಟು ದಪ್ಪ ಐತ್ರಿ," ಅಂದರು.

ಹೂ ಬಿಟ್ಟ ಮರವನ್ನೇ ಬೇರುಸಹಿತ ಒಯ್ದರೆ? ಬೆಳೆದ ಮರವನ್ನು ಎಬ್ಬಿಸಿ ನೆಡುವುದನ್ನು ನಾನು ಒಂದೇ ಸಲ ಮಾಡಿದ್ದೆ, ಆ ಮರ ಉಳಿದಿರಲಿಲ್ಲ. ಈ ಸಲ ಅದನ್ನೂ ಮೊದಲೇ ಆಕೆಗೆ ಫೋನಿನಲ್ಲಿ ಹೇಳಿದೆ.

"ಸತ್ರ ಸತ್ತೈತಿ ಅಂತ ಹೇಳ್ತೀರಿ?" ಕೇಳಿದಳು.

"ಹೇಳ್ತೇನಿ."

"ಹಂಗಾರ ಮಾಡ್ರಿ."

ಮೊದಲು ಮುತ್ತಲವನ್ನೇ ನೋಡಿದೆವು, ಅವಳು ಮೊದಲು ಮೆಚ್ಚಿದ್ದು ಅದನ್ನು ಎಂದು. ಬುಡದ ಒಂದು ಬದಿ ಅಗೆದೆವು. ಮೂರಡಿ, ನಾಲ್ಕಡಿ. ತಾಯಿಬೇರು ಮಣಿಕಟ್ಟಿನ ದಪ್ಪಕ್ಕೆ ನೇರ ಕೆಳಗೆ ಹೋಗುತ್ತಲೇ ಇತ್ತು. ಅಜ್ಜ ಹಾರೆ ಕೆಳಗಿಟ್ಟು ಗುಂಡಿಯೊಳಗಿಂದಲೇ ಅಂದರು, "ಇದು ಏಳೂ ಗಿಡ ಅಲ್ರಿ. ಇಲ್ಲೇ ಹುಟ್ಟೇತಿ, ಇಲ್ಲೇ ಇರ್ತೈತಿ." ಮಣ್ಣು ಮುಚ್ಚಿದೆವು. ನಾವು ಇಷ್ಟು ಒದ್ದಾಡುವುದನ್ನು ನೋಡುತ್ತ ನಿಂತಿದ್ದ ಹೊಲದ ಮಾಲಕರು ಏನೆನ್ನಿಸಿತೋ, ದಾರಿಯನ್ನು ಎರಡು ಮಾರು ಆಚೆ ಸರಿಸಿ ಮುತ್ತಲವನ್ನು ಬಿಟ್ಟರು. ಕಕ್ಕೆ ಮಾತ್ರ ದಾರಿಯ ನಟ್ಟನಡುವೆ ಇತ್ತು.

ಕಕ್ಕೆಯ ಕೆಲಸ ಎಂಟು ತಿಂಗಳದ್ದು. ಬೆಳೆದ ಮರವನ್ನು ಒಮ್ಮೆಲೇ ಕೀಳಬಾರದು. ಬುಡದಿಂದ ಒಂದೂವರೆ ಅಡಿ ಬಿಟ್ಟು ಸುತ್ತ ಗೆರೆ ಹಾಕಿ, ಮಳೆ ಶುರುವಾದಾಗ ಅರ್ಧ ಸುತ್ತು ಕಾಲುವೆ ತೋಡಿ, ಸಿಕ್ಕ ಬೇರುಗಳನ್ನು ಗರಗಸದಿಂದ ನುಣ್ಣಗೆ ಕತ್ತರಿಸಿದೆವು. ಕಾಲುವೆಗೆ ಮರಳು, ಗೊಬ್ಬರ ತುಂಬಿದೆವು. ಕತ್ತರಿಸಿದ ಬೇರಿನ ತುದಿಯಿಂದ ಕೂದಲಿನಂಥ ಹೊಸ ಬೇರು ಅಲ್ಲಿ ಹೊರಡಬೇಕು. ಎರಡು ತಿಂಗಳು ಬಿಟ್ಟು ಉಳಿದ ಅರ್ಧ ಸುತ್ತು. ಉತ್ತರಕ್ಕೆ ಮುಖ ಮಾಡಿದ ತೊಗಟೆಯ ಮೇಲೆ ಸುಣ್ಣದ ಒಂದು ಬೊಟ್ಟು ಇಟ್ಟೆ, ಹೊಸ ಜಾಗದಲ್ಲೂ ಅದೇ ಬದಿ ಉತ್ತರಕ್ಕೆ ನಿಲ್ಲಲೆಂದು.

ಇತ್ತ ಕೊಳಕೂರಿನಲ್ಲಿ ನೀರು ನಿಲ್ಲುವ ನೆಲಕ್ಕೆ ಉಪಾಯ ಬೇಕಿತ್ತು. ಆಳ ತೋಡುವ ಬದಲು ಎತ್ತರ ಮಾಡಿದೆವು. ಒಂದೂವರೆ ಅಡಿ ಎರೆಮಣ್ಣು ತೆಗೆದು, ತಳಕ್ಕೆ ಒಡೆದ ಕಲ್ಲು, ಮೇಲೆ ಗರಸು ಎಂಬ ಸಣ್ಣಕಲ್ಲಿನ ಮಣ್ಣು, ಅದರ ಮೇಲೆ ಗರಸು ಗೊಬ್ಬರ ಬೆರೆಸಿದ ಮಣ್ಣು. ಅಂಗಳದ ಮಟ್ಟದಿಂದ ಮೊಳದೆತ್ತರದ ಒಂದು ದಿಬ್ಬ. ನೀರು ಓಣಿಗೆ ಹರಿದುಹೋಗಲು ಸಣ್ಣ ಕಾಲುವೆ. ಅತ್ತೆ ದಿನವೂ ಕಟ್ಟೆಯ ಮೇಲೆ ಕುಳಿತು, "ಗಿಡ ಬರೂದ್ರಾಗ ಗದ್ದಿಗಿ ಕಟ್ಟಾಕತ್ತಾರ ನೋಡ್ರಿ," ಎಂದು ಹೋಗುಬರುವವರಿಗೆ ಹೇಳುತ್ತಿದ್ದರಂತೆ.

ಫೆಬ್ರುವರಿ ಕೊನೆಗೆ ಕಕ್ಕೆಯ ಎಲೆ ಹಳದಿಯಾಗಿ ಉದುರತೊಡಗಿತು. ಮರ ನಿದ್ದೆಗೆ ಜಾರುವ ಹೊತ್ತು ಅದು, ಎಬ್ಬಿಸಿ ಒಯ್ಯಲು ಅದೇ ಸರಿಯಾದ ಕಾಲ. ಆಕೆ ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಳು. ಬೇಡವೆಂದರೂ ಕೇಳದೆ ಬೆಳಿಗ್ಗೆ ನಮ್ಮ ಜೊತೆ ಖಜೂರಿಗೆ ಹೊರಟಳು.

ಎಲ್ಲ ಸರಿಯಾಗಿಯೇ ಇತ್ತು. ಕಾಲುವೆ ಬಿಡಿಸಿ, ತಳದ ಬೇರು ಕತ್ತರಿಸಿ, ಬೇರಿನ ಮಣ್ಣುಮುದ್ದೆಗೆ ಒದ್ದೆ ಗೋಣಿ ಸುತ್ತಿ ಹಗ್ಗ ಬಿಗಿದೆವು. ದಾರಿ ಮಾಡುತ್ತಿದ್ದ ಜೆಸಿಬಿಯ ಬೆಲ್ಟು ಹಾಕಿ ಮೆಲ್ಲಗೆ ಎತ್ತಿಸಿದೆ. ಗೇಣಷ್ಟು ಎದ್ದಿತು. ಆಗ ಒಳಗಿನಿಂದ ಮಡಕೆ ಬಿರಿದಂಥ ಸದ್ದು.

"ಇಳಸ್ರಿ! ಇಳಸ್ರಿ!" ಕೂಗಿದೆ.

ಎರೆಮಣ್ಣಿನ ಗುಣವೇ ಅದು. ಒಣಗಿದರೆ ಬಿರಿಯುತ್ತದೆ. ಮೂರು ದಿನ ನೀರು ಹಾಯಿಸಿದ್ದೆ, ಒಳಗೆ ಇಳಿದಿರಲಿಲ್ಲ. ಮುದ್ದೆ ಒಡೆದು ಮಣ್ಣು ಕಳಚಿದರೆ ಕೂದಲಬೇರುಗಳೆಲ್ಲ ಹರಿದು ಮರ ಅಲ್ಲಿಗೆ ಮುಗಿಯುತ್ತದೆ. ಹಗ್ಗ ಬಿಗಿದರೆ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಿಡುತ್ತಿತ್ತು. ಅಜ್ಜ ತಲೆ ಅಲ್ಲಾಡಿಸಿದರು. "ಬಿಡ್ರಿ ಅಕ್ಕಾ. ಇದು ಬರಂಗಿಲ್ಲ."

ನಾನು ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟೆ. ಇದ್ದದ್ದನ್ನು ಹೇಳಲೆಂದು ಆಕೆಯ ಕಡೆ ತಿರುಗಿದರೆ ಆಕೆ ಅಲ್ಲಿರಲಿಲ್ಲ. ಅಂಚನ್ನು ಕೈಯಿಂದ ತಡವುತ್ತ ಗುಂಡಿಗೆ ಇಳಿಯುತ್ತಿದ್ದಳು.

"ದಬ್ಬಣ ಐತೇನ್ರಿ? ಗೋಣಿ ಹೊಲಿಯೂದು? ಸುತಳಿ ಕೊಡ್ರಿ. ನೀರಾಗ ತೊಯ್ಸಿ ಕೊಡ್ರಿ."

ಹೊಲದ ಮನೆಯಿಂದ ದಬ್ಬಣ ಬಂತು. ಅವಳು ಮಂಡಿಯೂರಿ, ಕಣ್ಣು ಮುಚ್ಚಿ, ಎರಡೂ ಅಂಗೈಯಿಂದ ಮುದ್ದೆಯನ್ನು ಸುತ್ತಲೂ ಸವರಿದಳು. "ಇಲ್ಲಿ ಬಿಟ್ಟೈತಿ. ಇಲ್ಲಿ ಹಿಂದ ಇನ್ನೊಂದು ಐತಿ, ನಿಮಗ ಕಂಡಿಲ್ಲ." ನಾವು ಹೋಗಿ ನೋಡಿದರೆ ಹೌದು, ಹಿಂಬದಿಯಲ್ಲಿ ಕೂದಲೆಳೆಯ ಬಿರುಕು. ಗೋಣಿಯ ಮೇಲೆ ಇನ್ನೊಂದು ಪದರ ಗೋಣಿ ಹಾಕಿಸಿ ಹೊಲಿಯತೊಡಗಿದಳು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಪ್ರತಿ ಹೊಲಿಗೆಗೂ ಮೊಣಕಾಲು ಒತ್ತಿ ಸುತಳಿ ಎಳೆದು ಬಿಗಿಮಾಡುತ್ತ. ಜೆಸಿಬಿಯವನು ಇಂಜಿನ್ ಬಂದ್ ಮಾಡಿದ. ಹೊಲದಲ್ಲಿ ಸದ್ದೇ ಇರಲಿಲ್ಲ, ಗೋಣಿಯನ್ನು ದಬ್ಬಣ ದಾಟುವ ಒರಟು ಸದ್ದೊಂದು ಬಿಟ್ಟು. ಉದುರುತ್ತಿದ್ದ ಹಳದಿ ಎಲೆಗಳು ಅವಳ ಬೆನ್ನ ಮೇಲೆ, ಜಡೆಯ ಮೇಲೆ ಕೂರುತ್ತಿದ್ದವು. ಎಷ್ಟು ಹೊತ್ತು ಹಾಗೆ ನಡೆಯಿತೋ, ಅವಳು ಎದ್ದು ನಿಂತಾಗ ನಮ್ಮೆಲ್ಲರ ನೆರಳು ಕಾಲ ಕೆಳಗೆ ಬಂದಿತ್ತು.

ಅಜ್ಜ ಮುದ್ದೆಯನ್ನು ಮುಷ್ಟಿಯಿಂದ ಗುದ್ದಿ ನೋಡಿದರು. "ಇದು ಕೌದಿ ಅಲ್ಲ ಬೇ, ನಗಾರಿ ಆಗೇತಿ," ಅಂದರು.

ಈ ಸಲ ಮರ ಎದ್ದಿತು. ಮಣ್ಣು ಕದಲಲಿಲ್ಲ.

ಟೆಂಪೊದಲ್ಲಿ ಮರ ಮಲಗಿಸಿ, ಕೊಂಬೆಗಳನ್ನು ಕಟ್ಟಿ, ಒದ್ದೆ ಗೋಣಿ ಹೊದಿಸಿ ಹೊರಟೆವು. ಆಳಂದ, ಕಲಬುರಗಿ, ಜೇವರ್ಗಿ. ಎತ್ತಿನ ಗಾಡಿಯಷ್ಟು ಮೆಲ್ಲಗೆ ಹೋಗಲು ಡ್ರೈವರ್‍ಗೆ ಹೇಳಿದ್ದೆ. ಆಕೆ ಹಿಂದೆ ಮರದ ಪಕ್ಕದಲ್ಲೇ ಕುಳಿತು, ಪ್ರತಿ ಊರು ಬಂದಾಗಲೂ ಗೋಣಿಗೆ ಕೊಡದಿಂದ ನೀರು ಚಿಮುಕಿಸುತ್ತಿದ್ದಳು. ಹಿಂದೆ ತಿರುಗಿ ನೋಡಿದಾಗಲೆಲ್ಲ ನನಗೆ ಕಂಡದ್ದು, ಮಲಗಿದ ಮರದ ಬರೀ ಕೊಂಬೆಗಳ ನಡುವೆ ತಲೆ ಆನಿಸಿ ನಿದ್ದೆ ಹೋದಂತಿದ್ದ ಅವಳ ಮುಖ, ಅದರ ಹಿಂದೆ ಹಿಂದಕ್ಕೆ ಹರಿಯುತ್ತಿದ್ದ ರಸ್ತೆ. ನಾವು ಮರವನ್ನು ಒಯ್ಯುತ್ತಿದ್ದೇವೋ, ಮರ ನಮ್ಮನ್ನು ಒಯ್ಯುತ್ತಿದೆಯೋ ಅನ್ನಿಸುವಂಥ ಮಧ್ಯಾಹ್ನ ಅದು. ಹೊತ್ತು ಮುಳುಗುವ ಮೊದಲು ಕೊಳಕೂರು ಮುಟ್ಟಿದೆವು. ಓಣಿಯ ಎಂಟು ಜನ ಸೇರಿ ಹಲಗೆಯ ಮೇಲೆ ಜಾರಿಸಿ ದಿಬ್ಬದ ಮೇಲೆ ನಿಲ್ಲಿಸಿದರು. ಸುಣ್ಣದ ಬೊಟ್ಟು ಉತ್ತರಕ್ಕೆ. ಮೂರು ಕಡೆ ಹಗ್ಗದ ಆಸರೆ.

ಆಮೇಲೆ ಏನೂ ಆಗಲಿಲ್ಲ. ಏಪ್ರಿಲ್ ಹೋಯಿತು, ಮೇ ಹೋಯಿತು. ನೆಟ್ಟ ಕಂಬದ ಹಾಗೆ ನಿಂತಿತ್ತು ಮರ. ಹದಿನೈದು ದಿನಕ್ಕೊಮ್ಮೆ ಹೋಗಿ ಉಗುರಿನಿಂದ ತೊಗಟೆ ಕೆರೆದು ನೋಡುತ್ತಿದ್ದೆ. ತುದಿಕೊಂಬೆಗಳು ಒಣಗಿದ್ದವು, ಬುಡದಲ್ಲಿ ಮಾತ್ರ ಕೆರೆದಲ್ಲಿ ಹಸಿರು. "ಬದುಕೇತಿ. ಆದ್ರ ಈ ವರ್ಷ ಹೂ ಇಲ್ಲ," ಅಂದೆ ಇದ್ದದ್ದನ್ನು ಇದ್ದಂತೆ.

ಒಂದು ಸಂಜೆ ಫೋನ್ ಮಾಡಿದಳು, ನಗು ತಡೆಯಲಾಗದೆ. ಅತ್ತೆ ಆ ದಿನ, "ಬಾ ಬೇ, ಕಕ್ಕಿ ಹೂ ಬಿಟ್ಟೈತಿ ನೋಡು," ಎಂದು ಕರೆದರಂತೆ. ಕಟ್ಟೆಯಿಂದ ನೋಡಿದರೆ ಕೊಂಬೆಯಲ್ಲಿ ಹೌದು, ಹಳದಿ. ಎದ್ದು ಹೋಗಿ ಮುಟ್ಟಿದರೆ ಅತ್ತೆ ಕಟ್ಟಿದ ಬಟ್ಟೆ.

"ಅತ್ತೀ, ಇದು ನಿನ್ನ ಹಳದಿ ಇಳಕಲ್ ಸೀರಿ ತುಂಡು, ನಾನ ಅಂಚು ಹೊಲದೇನಿ, ಅಂತ ಅಂದೆ. ಅತ್ತಿ ಅಳಾಕತ್ತಳ್ರಿ. ನನಗ ನಗು, ಆಕಿಗಿ ಅಳು."

ಜುಲೈಯಲ್ಲಿ, ಎರಡು ಒಳ್ಳೆಯ ಮಳೆ ಬಿದ್ದ ಮೇಲೆ, ಬುಡದಿಂದ ಆಳೆತ್ತರದಲ್ಲಿ ತಾಮ್ರದ ಬಣ್ಣದ ಚಿಗುರು ಒಡೆಯಿತು. ದಿಬ್ಬದ ಸುತ್ತ ಅಂಗಳವೆಲ್ಲ ಕೆಸರಾದರೂ ಬೇರಿನ ಬಳಿ ನೀರು ನಿಲ್ಲಲಿಲ್ಲ. ಒಣಗಿದ ತುದಿಗಳನ್ನು ಕತ್ತರಿಸಿ ತೆಗೆದೆ. ಮರ ಗಿಡ್ಡವಾಯಿತು.

ಮುಂದಿನ ಬೇಸಿಗೆಯ ಹೊತ್ತಿಗೆ ಆಕೆ ಹೊಲಿಗೆಯ ಕೆಲಸ ಬಿಟ್ಟಿರಲಿಲ್ಲ, ಆದರೆ ಸೂಜಿಗೆ ದಾರ ಪೋಣಿಸುವುದು ಅತ್ತೆಯ ಪಾಲಿಗೆ ಬಂದಿತ್ತು. ಮೇ ತಿಂಗಳ ಎರಡನೆಯ ವಾರ, ಹೂ ಬಿಟ್ಟಿದೆ ಎಂದು ಆಕೆಯ ಫೋನ್ ಬಂತು. ನಾನು ಸಂಜೆ ಐದಕ್ಕೆ ಅಂಗಳ ಮುಟ್ಟಿದೆ. ಬಿಸಿಲು ಓರೆಯಾಗಿತ್ತು. ಮರದ ತುಂಬ ಹೂವಿರಲಿಲ್ಲ. ಕೆಳಗಿನ ಒಂದು ಕೊಂಬೆಯಲ್ಲಿ, ಮುಖದ ಮಟ್ಟಕ್ಕೆ, ಒಂದೇ ಒಂದು ಗೊಂಚಲು ಇಳಿಬಿದ್ದಿತ್ತು. ಇಷ್ಟಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು ಎಂದು ಒಂದು ಗಳಿಗೆ ಅನ್ನಿಸಿತು.

ಆಕೆ ಅದರ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಳು. ನನ್ನ ಹೆಜ್ಜೆ ಕೇಳಿ ತಿರುಗದೆಯೇ ಅಂದಳು, "ಬರ್ರಿ ಅಕ್ಕಾರ. ಇಲ್ಲಿ ಕೂಡ್ರಿ. ಮ್ಯಾಲಿನವು ಬಿಟ್ಟಾವ, ಇಪ್ಪತ್ತೊಂದು ಹೂ. ನಡುವಿನವು ಈಗ ಬಾಯಿ ತಗಿಯಾಕತ್ತಾವ. ಕೆಳಗಿನವು ಇನ್ನಾ ಮೊಗ್ಗ, ಗುಂಡಗ, ಹಸರ ಅದಾವ. ಮ್ಯಾಲಿಂದ ಬಿಡಕೋತ ಬರ್ತಾವಲ್ರಿ ಇವು?"

ಹೌದು, ಕಕ್ಕೆಯ ಗೊಂಚಲು ಮೇಲಿನಿಂದ ಕೆಳಗೆ ಅರಳುತ್ತ ಬರುತ್ತದೆ. ಇಷ್ಟು ವರ್ಷ ಈ ಮರ ಮಾರಿದ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಕುಳಿತು ನೋಡಿರಲೂ ಇಲ್ಲ.

"ತುದಿ ಮುಟ್ಟಾಕ ಎಷ್ಟ ದಿನ ಹಿಡೀತೈತ್ರಿ?" ಕೇಳಿದಳು.

"ಹತ್ತು ದಿನ ಆದೀತು."

"ಖರೇ ಹೇಳ್ತೀರಿ?"

"ಖರೇನ. ಹತ್ತು, ಇಲ್ಲಾ ಹನ್ನೆರಡು."

ಅತ್ತೆ ಒಳಗಿನಿಂದ ಇನ್ನೊಂದು ಮಣೆ ತಂದು ನನ್ನ ಮುಂದೆ ಇಟ್ಟರು. ನಾನು ಮರಳಬೇಕಿದ್ದ ಆರರ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹಾಕಿತು. ನಾನು ಚೀಲ ಕೆಳಗಿಟ್ಟು ಆಕೆಯ ಪಕ್ಕ ಕುಳಿತು ಮೇಲಿನ ಮೊದಲನೆಯ ಹೂವಿನಿಂದ ಒಂದೊಂದಾಗಿ ನೋಡಲು ಶುರುಮಾಡಿದೆ.